ಎರಡಿಂಚು ಕೆಂಪು ವೈರು

ಟೆಸ್ಟರಣ್ಣನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಮೀಟರ್ ಬೋರ್ಡು ಮಾತ್ರ ಮರೆಯುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಪೆಚ್ಚಾಗಿ ನಕ್ಕು ತಲೆಯಾಡಿಸುತ್ತಿದ್ದ. ಅವರು ತಮ್ಮ ಬೀದಿ ಹೇಳಿದ್ದೇ ತಡ, "ಓ, ಬಾಗಿಲ ಹಿಂದೆ ಬೋರ್ಡು, ಎಡಗಡೆ ಫ್ಯೂಸಿನ ಮೂಲೆ ಮುರಿದಿದೆ, ಆ ಮನೆ ತಾನೆ?" ಎಂದು ಗುರುತು ಹಿಡಿಯುತ್ತಿದ್ದ. ಹೆಂಡತಿ ಇದಕ್ಕೇ ಕಿಚಾಯಿಸುತ್ತಿದ್ದಳು. "ನನ್ನ ಮುಖಾನಾದ್ರೂ ನೆನಪಿದೆಯೋ, ಇಲ್ಲಾ ನಾನೂ ಹಣೆ ಮೇಲೊಂದು ಸ್ವಿಚ್ ಹಾಕಿಸ್ಕೊಂಡು ನಿಂತ್ಕೊಳ್ಲೋ?"

ಅವನಿಗೆ ಐವತ್ತೇಳು ವರ್ಷ. ಅದರಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ವೈರಿಂಗ್ ಕೆಲಸದಲ್ಲೇ ಕಳೆದಿತ್ತು. ಅಂಗಿಯ ಜೇಬಿನಲ್ಲಿ ಸದಾ, ಕರೆಂಟು ಇದ್ದರೆ ದೀಪ ಹತ್ತುವ ಒಂದು ಟೆಸ್ಟರ್ ಇರುತ್ತಿದ್ದುದರಿಂದ ಅದೇ ಹೆಸರು ಅಂಟಿಕೊಂಡು, ನಿಜವಾದ ಹೆಸರು ಗುರುತಿನ ಚೀಟಿಯಲ್ಲಷ್ಟೇ ಉಳಿದಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟು ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರಿದ್ದ. ಮೇಸ್ತ್ರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಟ್ಯೂಬ್‌ಲೈಟಿನ ಗುಂಯ್ ಶಬ್ದ ಕೇಳಿಯೇ ಯಾವುದು ಕೆಟ್ಟಿದೆ ಎಂದು ಹೇಳುವಷ್ಟು ಪಳಗಿದ್ದ. ಅವನು ಹೇಳಿದ್ದನ್ನೆಲ್ಲ ಟೆಸ್ಟರಣ್ಣ ಬಾಯಿಪಾಠ ಮಾಡಿಕೊಂಡ. ಅದರ ಮೇಲೆಯೇ ಮನೆ ಕಟ್ಟಿದ, ಮಗಳ ಮದುವೆ ಮಾಡಿದ. ಅವನಿಗೆ ಒಂದೇ ಒಂದು ಜಂಬವಿತ್ತು. "ನನ್ನ ಕೈಯಿಂದ ಒಂದು ಇರುವೆಗೂ ಶಾಕ್ ಹೊಡೆದಿಲ್ಲ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಅವನು ಮರೆಯದ ಬೋರ್ಡುಗಳಲ್ಲಿ ದೊಡ್ಡಮ್ಮನ ಮನೆಯದೂ ಒಂದು. ಬೀದಿಯವರೆಲ್ಲ ದೊಡ್ಡಮ್ಮ ಎಂದು ಕರೆಯುತ್ತಿದ್ದ ಆ ಹೆಂಗಸು ಮಗ ಸೊಸೆಯ ಜೊತೆ ಕೆಳಗಿನ ಮನೆಯಲ್ಲಿದ್ದಳು. ಮೇಲಿನ ಮಹಡಿಯಲ್ಲಿ ಒಬ್ಬ ಟೈಲರನ ಅಂಗಡಿ. ಹೊರಗೋಡೆಗೆ ಬಡಿದ ತಗಡಿನ ಪೆಟ್ಟಿಗೆಯೊಳಕ್ಕೆ ಕಂಬದಿಂದ ಮೂರು ಫೇಸ್ ತಂತಿ ಬರುತ್ತಿದ್ದವು. ಒಂದು ಕೆಳಮನೆಗೆ, ಒಂದು ಅಂಗಡಿಗೆ, ಇನ್ನೊಂದು ಎಂದೋ ಒಮ್ಮೆ ಓಡುವ ನೀರಿನ ಪಂಪಿಗೆ. ಕರೆಂಟು ಒಳಗೆ ಬರುವ ದಾರಿ ಮೂರಿದ್ದರೂ ವಾಪಸು ಹೋಗುವ ತಂತಿ ಮಾತ್ರ ಎಲ್ಲರಿಗೂ ಒಂದೇ. ಅದೇ ನ್ಯೂಟ್ರಲ್.

ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ದೊಡ್ಡಮ್ಮ ಫ್ರಿಜ್ಜಿನ ಬಾಗಿಲು ಹಿಡಿದವಳು ಬಿಡಲೇ ಇಲ್ಲ. ಸೊಸೆ ಆಗತಾನೇ ಅಡುಗೆಮನೆ ಒರೆಸಿ ಬಕೆಟ್ಟಿನ ನೀರು ಚೆಲ್ಲಲು ಹಿತ್ತಲಿಗೆ ಹೋಗಿದ್ದಳು. ಬಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶುಕ್ರವಾರ ಮಗ ಫೋನ್ ಮಾಡಿದ. "ಅಣ್ಣಾ, ನೀವೊಂದ್ಸಲ ಬಂದು ನೋಡಿ ಹೋಗಿ. ಕರೆಂಟಿನವರು ಬಂದು ಎಲ್ಲಾ ಸರಿ ಇದೆ ಅಂದ್ರು. ಫ್ರಿಜ್ ರಿಪೇರಿಯವನೂ ಬಿಚ್ಚಿ ನೋಡಿ ಏನೂ ಇಲ್ಲ ಅಂದ. ಮತ್ತೆ ನಮ್ಮಮ್ಮ ಹೆಂಗೆ ಹೋದ್ಲು?"

ಟೆಸ್ಟರಣ್ಣ ಹೋದಾಗ ಹಜಾರದಲ್ಲಿ ಚಾಪೆ ಹಾಸಿತ್ತು. ಸತ್ತವಳ ದೊಡ್ಡ ಮಗಳು ಗೋಡೆಗೊರಗಿ ಕುಳಿತಿದ್ದಳು. ಸೊಸೆ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಊದಿಕೊಂಡಿದ್ದವು, ತಲೆ ಬಾಚಿರಲಿಲ್ಲ.

"ನೋಡೋಕೇನಿದೆ?" ಎಂದಳು ದೊಡ್ಡ ಮಗಳು, ಯಾರ ಮುಖವನ್ನೂ ನೋಡದೆ. "ಪೊಲೀಸ್ನೋರೇ ಬರ್ಕೊಂಡು ಹೋದ್ರಲ್ಲ, ಒದ್ದೆ ನೆಲ ಅಂತ. ಆ ಹೊತ್ತಲ್ಲಿ ಯಾರಾದ್ರೂ ನೆಲ ಒರೆಸ್ತಾರಾ? ಒರೆಸಿದ್ರೆ ಆರೋ ತನಕ ಅಲ್ಲೇ ನಿಂತಿರ್ಬೇಕು ತಾನೆ? ನಮ್ಮಮ್ಮನ ಕಾಲಿಗೆ ಚಪ್ಪಲಿನೂ ಇರ್ಲಿಲ್ಲ."

ಸೊಸೆ ಗಂಡನ ಕಡೆ ನೋಡಿದಳು. ಗಂಡ ಫೋನಿನ ಗಾಜು ಒರೆಸುತ್ತ ಕುಳಿತ.

ಟೆಸ್ಟರಣ್ಣ ಚಪ್ಪಲಿ ಬಿಡದೆ ಅಡುಗೆಮನೆಗೆ ಹೋದ. ಫ್ರಿಜ್ಜಿನ ಪ್ಲಗ್ ಹಾಕಿ ಮೈಗೆ ಟೆಸ್ಟರ್ ಇಟ್ಟ. ದೀಪ ಹತ್ತಲಿಲ್ಲ. ಚೀಲದಿಂದ ವೋಲ್ಟೇಜ್ ಅಳೆಯುವ ಮೀಟರ್ ತೆಗೆದು ಸಾಕೆಟ್ಟಿನಲ್ಲಿ ನೋಡಿದ. ಇನ್ನೂರ ಇಪ್ಪತ್ತೈದು ವೋಲ್ಟ್. ಇರಬೇಕಾದ್ದೇ ಅಷ್ಟು. ಬಂದವರೆಲ್ಲ ಇದನ್ನೇ ನೋಡಿ ಹೋಗಿದ್ದರು.

ಸೊಸೆ ಬಾಗಿಲ ಬಳಿ ಬಂದು ನಿಂತಳು. "ಅಣ್ಣಾ, ನಾನು ಹೋದ ತಿಂಗಳು ನಿಮಗೆ ಫೋನ್ ಮಾಡಿದ್ನಲ್ಲ," ಎಂದಳು, ಹೊರಗಿನವರಿಗೆ ಕೇಳದಷ್ಟು ಮೆಲ್ಲಗೆ. "ಬಲ್ಬ್ ಇದ್ದಕ್ಕಿದ್ದಂಗೆ ಬೆಳ್ಳಗೆ ಉರಿಯುತ್ತೆ, ಫ್ಯಾನ್ ಹುಚ್ಚು ಹಿಡಿದಂಗೆ ತಿರುಗುತ್ತೆ ಅಂತ."

ಅವನಿಗೆ ನೆನಪಿತ್ತು. ಏಣಿಯ ಮೇಲೆ ನಿಂತೇ ಮಾತಾಡಿದ್ದ. ಕಂಬದ ಕಡೆಯಿಂದ ವೋಲ್ಟೇಜ್ ಏರಿಳಿತ, ನಿಮ್ಮನೆ ಒಂದರಲ್ಲೇ ಅಲ್ಲಮ್ಮ, ಪುರುಸೊತ್ತಾದಾಗ ಬರ್ತೀನಿ ಎಂದಿದ್ದ. ಪುರುಸೊತ್ತು ಈಗ ಆಗಿತ್ತು.

"ಯಾವ ಹೊತ್ತಲ್ಲಿ ಹಂಗಾಗ್ತಿತ್ತು?"

"ಬೆಳಿಗ್ಗೆ ಹತ್ತೂವರೆ ಆದ್ಮೇಲೆ. ಈಗ ನಾಲ್ಕು ದಿನದಿಂದ ಆಗಿಲ್ಲ."

ಹತ್ತೂವರೆ ಎಂದರೆ ಟೈಲರ್ ಅಂಗಡಿ ತೆರೆಯುವ ಹೊತ್ತು. ಸಾವಾದ ಮನೆ ಎಂದು ಅವನು ನಾಲ್ಕು ದಿನ ಬಾಗಿಲು ಹಾಕಿದ್ದ. ಕರೆಂಟಿನವರು ಬಂದಾಗ ಮೇಲೆ ಏನೂ ಓಡುತ್ತಿರಲಿಲ್ಲ. ಟೆಸ್ಟರಣ್ಣ ಮೆಟ್ಟಿಲು ಹತ್ತಿದ. ಟೈಲರ್ ಆಗಷ್ಟೇ ಬಾಗಿಲು ತೆಗೆದು ಗುಡಿಸುತ್ತಿದ್ದ.

"ನಿನ್ನ ಇಸ್ತ್ರಿಪೆಟ್ಟಿಗೆ ಹೆಂಗಿದೆಯಪ್ಪಾ?"

"ಅದರ ಸುದ್ದಿ ಎತ್ತಬೇಡಿ. ಒಂದು ಪ್ಯಾಂಟ್ ಇಸ್ತ್ರಿ ಮಾಡೋ ಹೊತ್ತಿಗೆ ಗಿರಾಕಿಗೆ ಮೊಮ್ಮಕ್ಕಳಾಗ್ತಾರೆ. ಹಳೇದು ಹೋಯ್ತು ಅಂತ ಹೋದ ತಿಂಗಳು ಹೊಸದು ತಂದೆ. ಇದೂ ಅದರ ತಮ್ಮನೇ."

"ನಾನು ಕೆಳಗಿಂದ ಕೂಗಿದ ಕೂಡಲೇ ಅದನ್ನ ಹಾಕು. ನಿಲ್ಲಿಸು ಅಂದ್ರೆ ಆ ಕ್ಷಣಾನೇ ಆರಿಸು."

ಕೆಳಗಿಳಿದು ಮಗನನ್ನೂ ಸೊಸೆಯನ್ನೂ ಬಾಗಿಲಾಚೆ ನಿಲ್ಲಿಸಿದ. ಅಡುಗೆಮನೆಯ ಬಲ್ಬ್ ಹಾಕಿದ. ಮೀಟರಿನ ಎರಡು ಕಡ್ಡಿಗಳನ್ನು ಸಾಕೆಟ್ಟಿನಲ್ಲಿಟ್ಟು, "ಹಾಕು!" ಎಂದು ಕೂಗಿದ.

ಬಲ್ಬ್ ಬೆಳ್ಳಗೆ ಉರಿಯಿತು. ಮೀಟರಿನ ಅಂಕಿ ಇನ್ನೂರ ಇಪ್ಪತ್ತೈದರಿಂದ ಏರಿ ಮುನ್ನೂರರ ಹತ್ತಿರ ನಿಂತಿತು. ಒಂದು ಕಡ್ಡಿಯನ್ನು ಫ್ರಿಜ್ಜಿನ ಮೈಗೆ, ಇನ್ನೊಂದನ್ನು ನೆಲದೊಳಕ್ಕೆ ಇಳಿದ ಕಬ್ಬಿಣದ ನಲ್ಲಿಗೆ ಹಿಡಿದ. ನೂರ ಐವತ್ತು.

"ನಿಲ್ಲಿಸು! ನಿಲ್ಲಿಸು!"

ಬಲ್ಬ್ ಮತ್ತೆ ಹಳದಿಯಾಯಿತು. ಫ್ರಿಜ್ಜಿನ ಮೈ ಸತ್ತ ತಗಡಾಯಿತು.

ಹೊರಗೆ ಹೋಗಿ ತಗಡಿನ ಪೆಟ್ಟಿಗೆ ಬಿಚ್ಚಿದ. ಕಂಬದಿಂದ ಬಂದ ದಪ್ಪ ಅಲ್ಯೂಮಿನಿಯಂ ನ್ಯೂಟ್ರಲ್ ತಂತಿಯನ್ನು ಬಿಗಿದಿದ್ದ ಬೋಲ್ಟು ಸುಟ್ಟು ಕಪ್ಪಾಗಿತ್ತು. ಸುತ್ತ ಬೂದಿಯಂಥ ಬಿಳಿ ಪುಡಿ. ತಂತಿ ಅಲ್ಲಿ ಕೂತಂತೆ ಕಾಣುತ್ತಿತ್ತು, ಹಿಡಿತವಿರಲಿಲ್ಲ. ಬಲ್ಬು ಫ್ಯಾನಿನಂಥ ಸಣ್ಣ ಭಾರವನ್ನು ಹೇಗೋ ತಡೆದುಕೊಳ್ಳುತ್ತಿತ್ತು. ಮೇಲೆ ಇಸ್ತ್ರಿಪೆಟ್ಟಿಗೆ ಹಾಕಿದ ಕೂಡಲೇ ಸೋಲುತ್ತಿತ್ತು. ವಾಪಸು ಹೋಗಲು ದಾರಿ ಸಿಗದ ಕರೆಂಟು ಕೆಳಮನೆಯ ನ್ಯೂಟ್ರಲ್ ತಂತಿಗೆ ನುಗ್ಗುತ್ತಿತ್ತು. ಮೇಲಿನವನ ಪೆಟ್ಟಿಗೆ ಕಾಯದಿದ್ದದ್ದೂ, ಕೆಳಗಿನ ಬಲ್ಬು ಬೆಳಗಿದ್ದೂ ಅದೇ ಕಾರಣಕ್ಕೆ.

ಬೋಲ್ಟು ಕರೆಂಟಿನವರದು. ಅವನು ಅದನ್ನು ಎಂದೂ ಮುಟ್ಟಿರಲಿಲ್ಲ. ಎದೆಯ ಮೇಲಿನ ಕಲ್ಲೊಂದು ಇಳಿದಂತಾಗಿ ಉಸಿರುಬಿಟ್ಟ. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ನ್ಯೂಟ್ರಲ್ ತಂತಿಗೆ ಕರೆಂಟು ನುಗ್ಗಿದರೆ ನುಗ್ಗಲಿ, ಅದು ಪ್ಲಾಸ್ಟಿಕ್ ಹೊದ್ದು ಗೋಡೆಯೊಳಗಿರುತ್ತದೆ. ಫ್ರಿಜ್ಜಿನ ಮೈಗೆ ಹೇಗೆ ಬಂತು?

ಮೇನ್ ಆರಿಸಿ ಒಳಗೆ ಹೋದ. ಫ್ರಿಜ್ಜನ್ನು ಈಚೆ ಎಳೆದು ಸಾಕೆಟ್ಟಿನ ತಿರುಪು ಬಿಚ್ಚಿದ. ಒಳಗೆ ಎರಡಿಂಚು ಉದ್ದದ ಕೆಂಪು ವೈರಿನ ತುಂಡು ಇತ್ತು. ಒಂದು ತುದಿ ನ್ಯೂಟ್ರಲ್‌ಗೆ, ಇನ್ನೊಂದು ತುದಿ ಮೂರನೆಯ ತೂತಿಗೆ. ಎರಡು ತುದಿಯನ್ನೂ ಎರಡೆರಡು ಸಲ ಮಡಚಿ ತಿರುಪಿನಡಿ ಬಿಗಿದಿತ್ತು. ಊರಲ್ಲಿ ಹಾಗೆ ಎರಡು ಸಲ ಮಡಚುವವನು ಅವನೊಬ್ಬನೇ.

ಹದಿನಾಲ್ಕು ವರ್ಷದ ಹಿಂದೆ ದೊಡ್ಡಮ್ಮ ಹೊಸ ಫ್ರಿಜ್ ತಂದಾಗ, ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಕರೆಸಿದ್ದಳು. ಯಂತ್ರದ ತಗಡಿನ ಮೈಗೆ ತಪ್ಪಿ ಬಂದ ಕರೆಂಟನ್ನು ಮಣ್ಣಿಗೆ ಇಳಿಸಲು ಮೂರನೆಯ ತಂತಿ ಬೇಕು, ಅದೇ ಅರ್ಥ್. ಅದಕ್ಕೆ ಅಂಗಳದಲ್ಲಿ ಗುಂಡಿ ತೋಡಿ ಪೈಪ್ ಇಳಿಸಬೇಕು. ಆ ಮನೆಯಲ್ಲಿ ಗುಂಡಿಯೇ ಇರಲಿಲ್ಲ. ಮೇಸ್ತ್ರಿ ಇದಕ್ಕೊಂದು ದಾರಿ ಕಲಿಸಿದ್ದ. "ನ್ಯೂಟ್ರಲ್ ಕೊನೆಗೆ ಹೋಗೋದು ಎಲ್ಲಿಗೆ? ಮಣ್ಣಿಗೇ ತಾನೆ? ಮೂರನೇ ತೂತಿಗೆ ಅದನ್ನೇ ಕೊಡು. ಯಾಕೆ ಸುಮ್ನೆ ಅಂಗಳ ಅಗೀತೀಯ?" ಟೆಸ್ಟರಣ್ಣ ಕೊಟ್ಟಿದ್ದ. ಜುಮ್ಮೆನ್ನುವುದು ನಿಂತಿತ್ತು. ದೊಡ್ಡಮ್ಮ ಫ್ರಿಜ್ಜಿನ ಮೈಯನ್ನು ಹಸುವಿನ ಮೈ ಸವರಿದಂತೆ ಸವರಿ, "ನಿನ್ನ ಕೈ ತಂಪಾಗಿರಲಪ್ಪಾ," ಎಂದಿದ್ದಳು. ನ್ಯೂಟ್ರಲ್ ಗಟ್ಟಿಯಿರುವ ತನಕ ಆ ತುಂಡು ಕಾಪಾಡುತ್ತದೆ. ನ್ಯೂಟ್ರಲ್ ಸತ್ತ ದಿನ ಅದೇ ತುಂಡು ಕರೆಂಟನ್ನು ಕೈಹಿಡಿದು ಫ್ರಿಜ್ಜಿನ ಬಾಗಿಲಿಗೆ ಕರೆತರುತ್ತದೆ. ಮೇಸ್ತ್ರಿ ಅದನ್ನು ಹೇಳಿರಲಿಲ್ಲ. ಇವನು ಕೇಳಿರಲಿಲ್ಲ.

ಟೆಸ್ಟರಣ್ಣ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡು ಸಾಕೆಟ್ ಮುಚ್ಚಿದ.

"ಹೊರಗಿನ ನ್ಯೂಟ್ರಲ್ ಬೋಲ್ಟ್ ಸುಟ್ಟಿದೆ," ಎಂದ ಹಜಾರಕ್ಕೆ ಬಂದು. "ಕರೆಂಟಿನವರಿಗೆ ಹೇಳಿ, ಅವರೇ ಬದಲಾಯಿಸ್ಬೇಕು. ಅಲ್ಲಿ ತನಕ ಮೇನ್ ಹಾಕ್ಬೇಡಿ."

"ಹಂಗಾದ್ರೆ ತಪ್ಪು ಅವರದ್ದಾ?" ಎಂದ ಮಗ.

"ಬೋಲ್ಟು ಅವರದ್ದು."

"ಬೋಲ್ಟೋ ಗೀಲ್ಟೋ," ಎಂದಳು ದೊಡ್ಡ ಮಗಳು. "ನೆಲ ಒಣಗಿದ್ರೆ ನಮ್ಮಮ್ಮ ಉಳೀತಿದ್ಲೋ ಇಲ್ವೋ, ಅದನ್ನ ಹೇಳಿ."

ಸುಳ್ಳು ಹೇಳಲಾಗಲಿಲ್ಲ. "ಉಳೀತಿದ್ರೇನೋ," ಎಂದ. ಆ ಮಾತು ಎಲ್ಲಿಗೆ ಹೋಗಿ ತಾಗಿತೆಂದು ಅವನಿಗೆ ಕಾಣಿಸಿತು. ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅವನು ಚೀಲ ಎತ್ತಿಕೊಂಡು ಗೇಟು ದಾಟುವಾಗ ಅವಳು ಹಿಂದೆಯೇ ಬಂದಳು. "ಅಣ್ಣಾ, ಒಂದು ಮಾತು. ನಾಳೆ ನನ್ನನ್ನ ತವರಿಗೆ ಕಳಿಸ್ತಾರಂತೆ. ಸ್ವಲ್ಪ ದಿನ ಇದ್ದು ಬಾ ಅಂತಾರೆ. ಅದಕ್ಕೇ ಕೇಳ್ತಿದೀನಿ. ಟೈಲರಣ್ಣನಿಗೂ ಅದೇ ನ್ಯೂಟ್ರಲ್ ತಾನೆ? ಅವರದೂ ಕಬ್ಬಿಣದ ಮಿಷನ್ನು, ಕರೆಂಟಲ್ಲೇ ಓಡೋದು. ದಿನಾ ಬರಿಗಾಲಲ್ಲಿ ಕೂತು ಅದನ್ನ ಮುಟ್ತಾರೆ. ಅವರಿಗೆ ಒಂದಿನಾನೂ ಜುಮ್ ಅಂದಿಲ್ವಂತೆ. ನಮ್ಮ ಫ್ರಿಜ್ಜಿಗೆ ಮಾತ್ರ ಯಾಕೆ ಬಂತು?"

ನಲವತ್ತು ವರ್ಷದಲ್ಲಿ ಯಾರೂ ಅವನಿಗೆ ಇಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. "ಒಂದೊಂದು ಸಲ ಹಂಗಾಗುತ್ತಮ್ಮಾ," ಎಂದು ಹೇಳಿ ಹೊರಟುಬಿಟ್ಟ.

ಮನೆಯಲ್ಲಿ ಊಟಕ್ಕೆ ಕೂತವನು ಅರ್ಧಕ್ಕೇ ಕೈ ತೊಳೆದು ಎದ್ದ. ಹೆಂಡತಿ ಒಗೆಯಲು ಅಂಗಿ ತೆಗೆದುಕೊಂಡು ಜೇಬು ತಡಕಿದಳು. "ಟೆಸ್ಟರ್ ಬಿಟ್ಟು ಇನ್ನೊಂದೇನೋ ಇದೆಯಲ್ಲ ಇವತ್ತು? ಇದೇನ್ರೀ?"

ಅವನು ಹೇಳಿದ. ಒಂದನ್ನೂ ಬಿಡದೆ ಹೇಳಿದ. ಅವಳು ವೈರಿನ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಕೇಳುತ್ತ ನಿಂತಿದ್ದಳು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದ. ಅವಳು ಕೇಳಿದ್ದು ಒಂದೇ ಮಾತು.

"ನಮ್ಮನೆ ಫ್ರಿಜ್ಜಿಗೂ ಇದನ್ನೇ ಹಾಕಿದೀರಾ?"

ಹಾಕಿದ್ದ. ಫ್ರಿಜ್ಜಿಗೂ ಬಟ್ಟೆ ಒಗೆಯುವ ಮಿಷನ್ನಿಗೂ. ಮಗಳ ಮನೆಯಲ್ಲೂ ಹಾಕಿದ್ದ. ಒಳ್ಳೆಯದೆಂದು ನಂಬಿಯೇ ಹಾಕಿದ್ದ. ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದಳು. ಇಪ್ಪತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಮುಟ್ಟುತ್ತಿದ್ದ ಫ್ರಿಜ್ಜನ್ನು ನೋಡಿದಳು. ಆಮೇಲೆ ಅವನನ್ನೂ ಹಾಗೆಯೇ ನೋಡಿದಳು.

ಅವನು ಮೇನ್ ಆರಿಸಿ ಎರಡು ಸಾಕೆಟ್ಟೂ ಬಿಚ್ಚಿದ. ಮಗಳಿಗೆ ಫೋನ್ ಮಾಡಿ, ಏನನ್ನೂ ಮುಟ್ಟಬೇಡ, ಪ್ಲಗ್ಗುಗಳನ್ನೆಲ್ಲ ತೆಗೆದಿಡು, ಸಂಜೆ ಬರುತ್ತೇನೆ ಎಂದ.

"ಆ ಹುಡುಗಿ ಯಾವಾಗ ಹೋಗ್ತಾಳಂತೆ ತವರಿಗೆ?" ಹೆಂಡತಿ ಕೇಳಿದಳು.

"ನಾಳೆ."

"ಹಂಗಾದ್ರೆ ಇನ್ನೂ ಇಲ್ಲೇ ಕೂತಿದೀರಲ್ಲ," ಎಂದು ವೈರಿನ ತುಂಡನ್ನು ಮತ್ತೆ ಜೇಬಿಗೆ ಹಾಕಿ, ಒದ್ದೆಯಾಗದ ಅಂಗಿಯನ್ನು ಅವನ ಕೈಗೆ ಕೊಟ್ಟಳು.

ಮೂರು ಗಂಟೆಗೆ ಅದೇ ಹಜಾರದಲ್ಲಿ ನಿಂತು ಟೆಸ್ಟರಣ್ಣ ಎಲ್ಲರ ಮುಂದೆ ಹೇಳಿದ. ವೈರಿನ ತುಂಡನ್ನು ಚಾಪೆಯ ಮೇಲಿಟ್ಟ. "ಬೋಲ್ಟು ಸುಟ್ಟಿದ್ದು ನಿಜ. ಆದ್ರೆ ಇದು ಇಲ್ದೇ ಇದ್ದಿದ್ರೆ ಬಲ್ಬ್ ಹೋಗ್ತಿತ್ತು, ಫ್ಯಾನ್ ಹೋಗ್ತಿತ್ತು, ಜೀವ ಹೋಗ್ತಿರ್ಲಿಲ್ಲ. ಹಾಕಿದ್ದು ನಾನು. ಈಯಮ್ಮ ಹೋದ ತಿಂಗಳೇ ಫೋನ್ ಮಾಡಿ ಕರೆದಿದ್ಲು. ಬರದೇ ಇದ್ದಿದ್ದೂ ನಾನೇ. ನೆಲ ಒರೆಸಿದವರ ತಪ್ಪು ಏನೂ ಇಲ್ಲ."

ಮಗ ಎದ್ದು ಬಂದು ಅವನ ಕಾಲರ್ ಹಿಡಿದ. ಹಿಡಿದವನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತ. "ನಮ್ಮಮ್ಮ ನಿಮ್ಮನ್ನ ಬಿಟ್ಟು ಇನ್ನೊಬ್ಬನನ್ನ ಒಳಗೆ ಬಿಟ್ಟವಳಲ್ಲ," ಎಂದ. ಕಾಲರ್ ಬಿಟ್ಟು ಹಿತ್ತಲಿಗೆ ಹೋದ.

ದೊಡ್ಡ ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, "ಆದ್ರೂ ನೆಲ ಒದ್ದೆ ಇತ್ತಲ್ಲ," ಎಂದಳು. ಮೊದಲಿನ ಜೋರು ಇರಲಿಲ್ಲ.

ಸೊಸೆ ಬಂದು ಬಗ್ಗಿ ವೈರಿನ ತುಂಡನ್ನು ಎತ್ತಿಕೊಂಡಳು. "ಇದು ನನ್ನ ಹತ್ರ ಇರಲಿ," ಎಂದಳು. ಟೆಸ್ಟರಣ್ಣ ಕೈಮುಗಿದ. ಅವಳು ನೋಡಲಿಲ್ಲ.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ಅದನ್ನೇ ಬರೆಸಿದ. ವೈರಿನ ತುಂಡು ಯಾರ ಹತ್ತಿರವಿದೆ ಎಂಬುದನ್ನೂ ಬರೆಸಿದ. ಕರೆದಾಗ ಬರಬೇಕು ಎಂದರು. ಸುದ್ದಿ ಅವನಿಗಿಂತ ಮೊದಲು ಬೀದಿ ಸೇರಿತ್ತು. ಮರುದಿನದಿಂದ ಫೋನ್ ಬರುವುದು ನಿಂತಿತು.

ಅವನು ಮನೆಗಳನ್ನು ನೆನಪು ಮಾಡಿಕೊಳ್ಳತೊಡಗಿದ. ಮುಖಗಳು ಬರಲಿಲ್ಲ, ಬೋರ್ಡುಗಳು ಒಂದೊಂದಾಗಿ ಬಂದವು. ಬಾಗಿಲ ಹಿಂದಿನದು, ಮೆಟ್ಟಿಲ ಕೆಳಗಿನದು, ಕ್ಯಾಲೆಂಡರ್ ತೂಗುಹಾಕಿ ಮುಚ್ಚಿಟ್ಟದ್ದು. ಇನ್ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟ. ಬೆಳಿಗ್ಗೆ ಚೀಲ ಹಿಡಿದು ಹೊರಟು, ಬಾಗಿಲು ತಟ್ಟಿ, ನಾನು ಹಾಕಿದ್ದೊಂದನ್ನು ತೆಗೆಯಬೇಕು ಎನ್ನುತ್ತಿದ್ದ. ಕೆಲವರು ಬಿಟ್ಟರು. ಕೆಲವರು ಗೇಟಿನಲ್ಲೇ ಬೈದು ಕಳಿಸಿದರು. ಒಂದು ಮನೆಯಲ್ಲಿ ತೆಗೆದು ಬಂದ ವಾರದೊಳಗೆ ಬೇರೆ ವೈರ್‌ಮನ್‌ನಿಂದ ಮತ್ತೆ ಹಾಕಿಸಿದ್ದರು. "ನೀವು ತೆಗೆದ ಮೇಲೆ ಮಿಷನ್ ಜುಮ್ ಅಂತಿತ್ತು, ಈಗ ಚೆನ್ನಾಗಿದೆ," ಎಂದಳು ಆ ಮನೆಯಾಕೆ. ಗುಂಡಿ ತೋಡಿಸಿ ನಿಜವಾದ ಅರ್ಥ್ ಹಾಕಿಸಿ ಎಂದರೆ, "ಹೊಸ ಟೈಲ್ಸ್ ಒಡೀಬೇಕಾ?" ಎಂದಳು.

ದೊಡ್ಡಮ್ಮನ ಬೀದಿಯನ್ನು ಅವನು ಕೊನೆಗೆ ಉಳಿಸಿಕೊಂಡಿದ್ದ. ಆ ಮನೆಗೆ ಎದುರಾಗಿ, ಮೀಟರನ್ನು ಹಸಿರು ಬಣ್ಣದ ಮರದ ಪೆಟ್ಟಿಗೆಯಲ್ಲಿಟ್ಟ ಮನೆ. ಬಾಗಿಲು ತಟ್ಟಿದಾಗ ಕಿಟಕಿಯಿಂದಲೇ ಮುದುಕಿಯೊಬ್ಬಳ ದನಿ ಬಂತು. "ಯಾರು? ನೀನಾ? ನೀನು ಮುಟ್ಟಿದ ಮನೇಲಿ ಹೆಣ ಬೀಳುತ್ತೆ. ಹೋಗು ಹೋಗು."

"ಅಮ್ಮಾ, ಫ್ರಿಜ್ಜಿನ ಹಿಂದೆ ಒಂದೇ ಒಂದು ತಿರುಪು. ಐದು ನಿಮಿಷ."

"ಹೋಗು ಅಂದ್ನಲ್ಲ!"

ಅವನು ಮೆಟ್ಟಿಲಿಳಿದ. ಎದುರುಮನೆಯ ಗೇಟು ತೆರೆದ ಸದ್ದಾಯಿತು. ದೊಡ್ಡಮ್ಮನ ಸೊಸೆ ರಸ್ತೆ ದಾಟಿ ಬರುತ್ತಿದ್ದಳು. ತವರಿಗೆ ಅವಳು ಹೋಗಿರಲಿಲ್ಲ. ಗಂಡ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲವೆಂದು, ಅಡುಗೆಮನೆ ಒರೆಸುವಾಗೆಲ್ಲ ನಾದಿನಿ ಬಂದು ನಿಂತು ನೋಡುತ್ತಾಳೆಂದು ಟೈಲರ್ ಹೇಳಿದ್ದ. ಅವಳು ಟೆಸ್ಟರಣ್ಣನನ್ನು ದಾಟಿ ಹೋಗಿ ಕಿಟಕಿಯ ಮುಂದೆ ನಿಂತಳು.

"ಅಜ್ಜೀ, ಬಾಗಿಲು ತೆಗೀರಿ."

"ನೀನ್ಯಾಕೆ ಇವನ ಪರ ಬಂದೆ? ಎಲ್ಲಾ ಮರೆತುಬಿಟ್ಯಾ?"

"ನಾನು ಯಾರ ಪರಾನೂ ಬಂದಿಲ್ಲ. ನಾನು ಇವರನ್ನ ಕ್ಷಮಿಸಿಲ್ಲ, ಕ್ಷಮಿಸೋದೂ ಇಲ್ಲ. ಆದ್ರೆ ನಿಮ್ಮನೇಲೂ ಇದು ಇದೆ." ಮುಷ್ಟಿ ಬಿಚ್ಚಿ ಕಿಟಕಿಯ ಸರಳಿನ ಹತ್ತಿರ ಹಿಡಿದಳು. ಕೆಂಪು ವೈರಿನ ತುಂಡು ಅಂಗೈಯಲ್ಲಿತ್ತು. "ನಿಮ್ಮ ಸೊಸೆನೂ ದಿನಾ ನೆಲ ಒರೆಸ್ತಾಳೆ ಅಜ್ಜೀ. ತೆಗೀರಿ."

ಒಳಗಿನಿಂದ ಚಿಲಕ ಸರಿಯಿತು.

ಟೆಸ್ಟರಣ್ಣ ತಲೆತಗ್ಗಿಸಿ ಒಳಗೆ ಹೋಗಿ ಮೇನ್ ಆರಿಸಿದ. ಫ್ರಿಜ್ಜಿನ ಗುಂಯ್ ಶಬ್ದ ನಿಂತಿತು. ಹಿಂದೆ ಯಾರೂ ಒಳಗೆ ಬರಲಿಲ್ಲ. ಅವನು ಮೊಣಕಾಲೂರಿ ತಿರುಪು ಬಿಚ್ಚುವ ತನಕ, ಎರಡು ಸಲ ಮಡಚಿದ ತುದಿಯನ್ನು ಬಿಡಿಸಿ ಎಳೆಯುವ ತನಕ, ದೊಡ್ಡಮ್ಮನ ಸೊಸೆ ಹೊಸ್ತಿಲಾಚೆ ನಿಂತು ಅವನ ಕೈಯನ್ನೇ ನೋಡುತ್ತಿದ್ದಳು.